ಮಾಸ್ಟರ್ ಆಗಲಿರುವ ತಮ್ಮನಿಗೆ

ಬ್ಯಾಂಡಿನ ಬೋರ್ಡಿಗೆ ನಿನ್ನ ಹೆಸರು ಬರೆಸುತ್ತೀಯಂತೆ, ಸುದ್ದಿ ಬಂತು. ಬರೆಸು ತಮ್ಮಾ, ತಪ್ಪೇನಿಲ್ಲ. ಸಂಚಕಾರ ಕೊಡಲು ಬಂದವರಿಗೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗಬೇಕಲ್ಲ. ಆದರೆ ಹೆಸರು ಬರೆಸಿದ ಮರುದಿನದಿಂದಲೇ ಮಾಸ್ಟರುಗಳಿಗೆ ಒಂದು ಚಟ ಹತ್ತುತ್ತದೆ. ಪಲ್ಲವಿಯೂ ತನಗೇ, ಚರಣವೂ ತನಗೇ, ನಡುವಿನ ಮ್ಯೂಸಿಕ್ಕೂ ತನಗೇ ಬೇಕು. ಶಹಾಬಾದಿನಿಂದ ಚಿಂಚೋಳಿಯವರೆಗೆ ಲಗ್ನದ ಮೆರವಣಿಗೆಗಳಲ್ಲಿ ಎಂಥೆಂಥ ಗಟ್ಟಿ ಮಾಸ್ಟರುಗಳನ್ನು ನೋಡಿದ್ದೇನೆ. ಕೈಯಲ್ಲಿ ಕಲೆ ಇತ್ತು, ಎದೆಯಲ್ಲಿ ದಮ್ಮು ಇತ್ತು. ಎರಡು ಮೂರು ಸೀಜನ್ನಿಗೆ ಪಾರ್ಟಿ ಒಡೆದುಹೋಯಿತು. ರೊಕ್ಕಕ್ಕೆ ಒಡೆಯಿತು ಅಂತ ಊರವರು ಆಡಿಕೊಂಡರು. ರೊಕ್ಕದ ಜಗಳ ಆಮೇಲೆ ಬಂದದ್ದು. ಅದಕ್ಕೂ ಮೊದಲು, ಹಿಂದೆ ನಡೆಯುವವರಿಗೆ ಊದಲು ಏನೂ ಉಳಿದಿರಲಿಲ್ಲ.

ನೀನು ಸ್ಯಾಕ್ಸೋಫೋನ್ ಹಿಡಿದವನು. ಹಾಗಾಗಿ ಸ್ಯಾಕ್ಸೋಫೋನಿನವರ ಉದಾಹರಣೆ ಕೊಟ್ಟೇ ಹೇಳುತ್ತೇನೆ. ನಿನ್ನ ಫೋನಿಗೆ ಒಂದು ಆಲ್ಬಂ ಕಳಿಸಿದ್ದೇನೆ, ‘ಫರ್ದರ್ ಡೆಫಿನಿಷನ್ಸ್’ ಅಂತ. ಅಮೆರಿಕದ ಬೆನ್ನಿ ಕಾರ್ಟರ್ ತನ್ನ ಹೆಸರಿನಲ್ಲಿ ಮಾಡಿದ್ದು. 1961ರ ನವೆಂಬರ್ 13 ಮತ್ತು 15ರಂದು ಧ್ವನಿಮುದ್ರಣ, ಇಂಪಲ್ಸ್ ಕಂಪನಿಯದು. ಎಂಟೇ ಎಂಟು ಹಾಡು. ಜಾಝ್ ನಮಗೇಕೆ ಕಾಕಾ ಅನ್ನಬೇಡ. ಕೇಳು ಮೊದಲು. ಸಂಜೆ ಊಟ ಆದಮೇಲೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬೇರೆ ಏನೂ ಮಾಡದೆ ಕೇಳು.

ಆ ಆಲ್ಬಮ್ಮಿನಲ್ಲಿ ನಾಲ್ಕು ಸ್ಯಾಕ್ಸೋಫೋನ್ ಇವೆ, ಎರಡು ಆಲ್ಟೊ, ಎರಡು ಟೆನರ್. ಬೆನ್ನಿಗೆ ಪಿಯಾನೊ, ಗಿಟಾರ್, ದೊಡ್ಡ ಬಾಸ್, ಡ್ರಮ್. ಟ್ರಂಪೆಟ್ ಇಲ್ಲ, ಟ್ರಾಂಬೋನ್ ಇಲ್ಲ. ಕಾರ್ಟರ್ ಒಂದು ಆಲ್ಟೊ. ಇನ್ನೊಂದು ಆಲ್ಟೊ ಫಿಲ್ ವುಡ್ಸ್, ಆಗ ಅವನಿಗೆ 30 ವರ್ಷ. ಒಂದು ಟೆನರ್ ಚಾರ್ಲಿ ರೌಸ್, ಥೆಲೋನಿಯಸ್ ಮಾಂಕ್ ಎಂಬ ಬೇರೆಯೇ ದಾರಿಯ ಪಿಯಾನೊ ವಾದಕನ ಜೊತೆ ನುಡಿಸುತ್ತಿದ್ದವನು. ಇನ್ನೊಂದು ಟೆನರ್ ಕೋಲ್ಮನ್ ಹಾಕಿನ್ಸ್. ಈ ಹಾಕಿನ್ಸ್ ಯಾರು ಅಂತ ತಿಳಿದರೆ ಕಾರ್ಟರನ ಧೈರ್ಯ ಎಷ್ಟು ಅಂತ ತಿಳಿಯುತ್ತದೆ. ಟೆನರ್ ಸ್ಯಾಕ್ಸೋಫೋನನ್ನು ಜಾಝಿನಲ್ಲಿ ಗಂಭೀರ ವಾದ್ಯವನ್ನಾಗಿ ಮಾಡಿದವನೇ ಅವನು ಅನ್ನುತ್ತಾರೆ. 1904ರಲ್ಲಿ ಹುಟ್ಟಿದವನು, ಕಾರ್ಟರನಿಗಿಂತ ಮೂರು ವರ್ಷ ಹಿರಿಯ. ಅಂಥವನನ್ನು ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಕೈಗೆ ಕಾಗದ ಕೊಟ್ಟು, ಇದನ್ನು ಊದು ಎಂದು ಹೇಳುವುದು ಎಲ್ಲ ಮಾಸ್ಟರುಗಳ ಕೈಲಿ ಆಗುವ ಕೆಲಸವಲ್ಲ. ನಮ್ಮ ಕಡೆಯಲ್ಲಂತೂ ತನಗಿಂತ ಚಂದ ಊದುವವನು ಪಾರ್ಟಿಯಲ್ಲಿದ್ದರೆ ಮಾಸ್ಟರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಇದಕ್ಕೆ ಹಿಂದಿನ ಕಥೆ ಇನ್ನೂ ರುಚಿ. 1937ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಇಬ್ಬರು ಒಂದು ಧ್ವನಿಮುದ್ರಣ ಮಾಡಿದ್ದರು. ಆಗಲೂ ನಾಲ್ಕು ಸ್ಯಾಕ್ಸೋಫೋನ್. ಕಾರ್ಟರ್ ಮತ್ತು ಹಾಕಿನ್ಸ್ ಅಮೆರಿಕದವರು, ಉಳಿದಿಬ್ಬರು ಫ್ರಾನ್ಸಿನಲ್ಲಿ ನುಡಿಸುತ್ತಿದ್ದವರು. ಗಿಟಾರಿಗೆ ಜಾಂಗೊ ರೈನ್‌ಹಾರ್ಟ್. ಪಿಟೀಲಿಗೆ ಹೆಸರಾದ ಸ್ಟೆಫಾನ್ ಗ್ರಪೆಲಿ ಅಂದು ಪಿಯಾನೊ ಮುಂದೆ ಕೂತಿದ್ದ. ತಟ್ಟೆಯ ಮೇಲೆ ಅಚ್ಚಾದ ಹೆಸರು ಹಾಕಿನ್ಸನದು. ‘ಹನಿಸಕಲ್ ರೋಸ್’, ‘ಕ್ರೇಜಿ ರಿದಮ್’ ಅಲ್ಲಿ ನುಡಿಸಿದ ಹಾಡುಗಳು. 24 ವರ್ಷ ಕಳೆದು ಅವೇ ಎರಡು ಹಾಡುಗಳನ್ನು ಕಾರ್ಟರ್ ಮತ್ತೆ ಎತ್ತಿಕೊಂಡ. ಈ ಸಲ ಹೆಸರು ಕಾರ್ಟರನದು, ಕುರ್ಚಿ ಹಾಕಿನ್ಸನದು. ಯಾರೂ ಮುಖ ಸಣ್ಣ ಮಾಡಿಕೊಳ್ಳಲಿಲ್ಲ ಅನ್ನುವುದು ಹಾಡು ಕೇಳಿದರೇ ತಿಳಿಯುತ್ತದೆ. ಹಾಕಿನ್ಸ್ ಊದಲು ಎದ್ದನೆಂದರೆ ಮನೆಯ ಯಜಮಾನನೇ ಬಂದಂತೆ ದನಿ ಬರುತ್ತದೆ.

ನಾನು ನಿನಗೆ ಬೆರಳಿಟ್ಟು ತೋರಿಸಬೇಕಾದ ಹಾಡು ಮಾತ್ರ ‘ಬಾಡಿ ಆ್ಯಂಡ್ ಸೋಲ್’. ಈ ಹಾಡನ್ನು ಹಾಕಿನ್ಸ್ 1939ರ ಅಕ್ಟೋಬರ್ 11ರಂದು ರೆಕಾರ್ಡ್ ಮಾಡಿದ್ದ. ಯುರೋಪಿನಲ್ಲಿ ವರ್ಷಗಟ್ಟಲೆ ಇದ್ದು ಆಗಷ್ಟೇ ಅಮೆರಿಕಕ್ಕೆ ಮರಳಿದ್ದ. ಮೂರು ನಿಮಿಷದ ತಟ್ಟೆ. ಮೊದಲ ಒಂದೆರಡು ಸಾಲಿನಲ್ಲಿ ಧಾಟಿಯ ಗುರುತು ಕೊಟ್ಟ, ಆಮೇಲೆ ಅದನ್ನು ಬಿಟ್ಟೇಬಿಟ್ಟ. ಹಾಡಿನ ಒಳಗಿನ ಸ್ವರಮೇಳದ ಮೇಲೆ ತನ್ನದೇ ಹೊಸ ಹಾಡನ್ನು ಕಟ್ಟುತ್ತಾ ಹೋದ, ಎರಡು ಸುತ್ತು. ಮೂಲ ಧಾಟಿ ಇಲ್ಲದ ಹಾಡನ್ನು ಜನ ಕೊಳ್ಳುತ್ತಾರೆಯೇ? ಕೊಂಡರು, ಮುಗಿಬಿದ್ದು ಕೊಂಡರು. ಸ್ಯಾಕ್ಸೋಫೋನ್ ಹಿಡಿದ ಅಮೆರಿಕದ ಹುಡುಗರು ಆ ಮೂರು ನಿಮಿಷವನ್ನು ಬಾಯಿಪಾಠ ಮಾಡಿದರು.

ಈಗ 1961ಕ್ಕೆ ಬಾ. ಅದೇ ಹಾಡು, ಅದೇ ಹಾಕಿನ್ಸ್ ಎದುರಿಗೆ ಕೂತಿದ್ದಾನೆ. ಬೇರೆ ಮಾಸ್ಟರ್ ಆಗಿದ್ದರೆ ಏನು ಮಾಡುತ್ತಿದ್ದ? ‘ಅಣ್ಣಾ, ನಿಮ್ಮ ಹಾಡು, ನೀವೇ ಊದಿಬಿಡಿ’ ಎಂದು ಬಿಟ್ಟುಕೊಡುತ್ತಿದ್ದ. ಇಲ್ಲವೇ ಆ ಹಾಡನ್ನೇ ತಪ್ಪಿಸುತ್ತಿದ್ದ. ಕಾರ್ಟರ್ ಎರಡನ್ನೂ ಮಾಡಲಿಲ್ಲ. ಹಾಕಿನ್ಸ್ ಅಂದು ಆ ಹೊತ್ತಿಗೆ ಹೊಳೆದದ್ದನ್ನು ಹೊಳೆದಂತೆ ಊದಿದ್ದ ಸ್ವರಗಳಲ್ಲಿ ಒಂದು ಭಾಗವನ್ನು ಕಾಗದಕ್ಕೆ ಇಳಿಸಿ, ಅದನ್ನು ನಾಲ್ಕು ಸ್ಯಾಕ್ಸೋಫೋನಿಗೆ ಹಂಚಿ ಬರೆದ. 22 ವರ್ಷದ ಹಿಂದೆ ಒಬ್ಬನ ಉಸಿರಿನಲ್ಲಿ ಬಂದದ್ದು ಈಗ ನಾಲ್ವರ ಉಸಿರಿನಲ್ಲಿ ಬರುತ್ತದೆ. ಆ ನಾಲ್ವರಲ್ಲಿ ಹಾಕಿನ್ಸನೂ ಒಬ್ಬ. ಹಿರಿಯನಿಗೆ ಮರ್ಯಾದೆ ಮಾಡುವುದು ಅಂದರೆ ಶಾಲು ಹೊದಿಸಿ ಹಾರ ಹಾಕಿ ಮೂಲೆಗೆ ಕೂರಿಸುವುದು ಅಂತ ನಮ್ಮಲ್ಲಿ ತಿಳಿದಿದ್ದಾರೆ. ಇವನು ಹಿರಿಯನ ಕೆಲಸವನ್ನೇ ಪಾಠ ಮಾಡಿ ಕಿರಿಯರ ಬಾಯಿಗೆ ಕೊಟ್ಟ.

ಆ ನಾಲ್ಕು ದನಿ ಒಟ್ಟಿಗೆ ನಡೆಯುವ ಜಾಗವನ್ನು ಕಿವಿಗೊಟ್ಟು ಕೇಳು. ನಾಲ್ವರೂ ಒಂದೇ ಲಯದಲ್ಲಿ ನಡೆಯುತ್ತಾರೆ, ಸ್ವರ ಮಾತ್ರ ಬೇರೆ ಬೇರೆ. ಮೇಲಿನ ದನಿ ಧಾಟಿ ಹಿಡಿದಿರುತ್ತದೆ, ಕೆಳಗಿನ ಮೂರು ಅದಕ್ಕೆ ಒತ್ತಿಕೊಂಡು ಬರುತ್ತವೆ. ನಮ್ಮ ಶಹಾಬಾದ್ ಫರಸಿಯನ್ನು ಪಳಗಿದ ಗೌಂಡಿ ಹಾಸಿದಂತೆ, ಸಂದು ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕು. ಇದು ಹೇಗೆ ಸಾಧ್ಯ ಅಂದರೆ, ನಾಲ್ವರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಎಲ್ಲಿ ಒತ್ತಬೇಕು, ಎಲ್ಲಿ ಸಣ್ಣಗೆ ಮಾಡಬೇಕು, ಸ್ವರವನ್ನು ಎಲ್ಲಿ ತುಂಡರಿಸಬೇಕು, ಎಲ್ಲವೂ ಮೊದಲೇ ಗೊತ್ತಾಗಿದೆ. ಎರಡೇ ದಿನದಲ್ಲಿ ಎಂಟು ಹಾಡು ಮುಗಿಸಿದ್ದು ಯಾರ ಪವಾಡದಿಂದಲೂ ಅಲ್ಲ, ಕಾಗದ ಸಿದ್ಧವಾಗಿತ್ತು. ಮಾಸ್ಟರನ ಅರ್ಧ ಕೆಲಸ ಹಿಂದಿನ ರಾತ್ರಿ ಮನೆಯಲ್ಲಿ ದೀಪದ ಕೆಳಗೆ ಮುಗಿದಿರಬೇಕು.

ನಮ್ಮಲ್ಲಿ ಏನಾಗುತ್ತದೆ? ಎರಡು ಕ್ಲಾರಿನೆಟ್, ಎರಡು ಟ್ರಂಪೆಟ್, ಒಂದು ಯುಫೋನಿಯಂ, ನಿನ್ನ ಸ್ಯಾಕ್ಸೋಫೋನ್. ಎಲ್ಲರೂ ಒಂದೇ ಧಾಟಿಯನ್ನು ಒಂದೇ ಸ್ವರದಲ್ಲಿ ಒದರುತ್ತೇವೆ. ಜೋರು ಬರುತ್ತದೆ, ಒಪ್ಪುತ್ತೇನೆ. ಆದರೆ ಜೋರಿನಲ್ಲಿ ಡಿ.ಜೆ.ಯನ್ನು ಸೋಲಿಸುತ್ತೇನೆ ಅಂತ ಹೊರಟರೆ ಎದೆ ಒಡೆದುಕೊಳ್ಳಬೇಕಾಗುತ್ತದೆ. ಟ್ರ್ಯಾಕ್ಟರ್ ತುಂಬ ಸ್ಪೀಕರ್ ಪೆಟ್ಟಿಗೆ ಹೇರಿಕೊಂಡು ಬರುವವರ ಮುಂದೆ ಆರು ಜನರ ದಮ್ಮು ಯಾವ ಲೆಕ್ಕ? ಡಿ.ಜೆ. ಮಾಡಲಾಗದ ಒಂದು ಕೆಲಸವಿದೆ. ಎದುರಿಗೆ ನಿಂತ ಮುದುಕಿ ತಲೆದೂಗುವುದನ್ನು ಕಂಡು ಆ ಸಾಲನ್ನು ಇನ್ನೊಮ್ಮೆ, ಇನ್ನಷ್ಟು ನಿಧಾನವಾಗಿ ನುಡಿಸುವುದು. ಎರಡನೇ ಕ್ಲಾರಿನೆಟ್ಟಿನ ಹುಡುಗ ಕೆಳಗಿನ ಸ್ವರ ಹಿಡಿದಾಗ ಮೇಲಿನ ಧಾಟಿ ಎದ್ದು ಕಾಣುವುದು. ಅದು ಬದುಕಿರುವ ಮನುಷ್ಯರಿಂದ ಮಾತ್ರ ಬರುತ್ತದೆ, ಅದನ್ನೇ ಬೆಳೆಸಿಕೋ.

ಇದಕ್ಕೆ ಕಾರ್ಟರನಷ್ಟು ವಿದ್ಯೆ ಬೇಕಿಲ್ಲ. ಒಂದು ಭಜನೆ ಪದ ತೆಗೆದುಕೋ. ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಕಡಕೋಳ ಮಡಿವಾಳಪ್ಪನವರ ತತ್ವಪದದ ಯಾವುದಾದರೂ ಸರಳ ಧಾಟಿ ಸಾಕು. ಮೊದಲ ಸಲ ಎಲ್ಲರೂ ಕೂಡಿ. ಎರಡನೇ ಸಲ ಧಾಟಿಯನ್ನು ಟ್ರಂಪೆಟ್ಟಿಗೆ ಬಿಟ್ಟು ನೀನು ಮೂರು ಸ್ವರ ಕೆಳಗಿಳಿದು ಜೊತೆಗೆ ನಡೆ. ಮೂರನೇ ಸಲ ಯುಫೋನಿಯಂ ಒಂದೇ, ಜೊತೆಗೆ ಸೈಡ್ ಡ್ರಮ್ಮು ಮಾತ್ರ, ಅದೂ ಅಂಚಿನ ಮೇಲೆ ಕಡ್ಡಿ. ನೋಡು ಆಗ, ಕುದುರೆಯ ಮೇಲೆ ಕೂತ ಮದುಮಗನೂ ತಿರುಗಿ ನೋಡುತ್ತಾನೆ. ನಮ್ಮ ಭಜನಾ ಮಂಡಳಿಗಳಲ್ಲಿ ಒಬ್ಬ ಎತ್ತಿಕೊಟ್ಟರೆ ಹಿಮ್ಮೇಳದವರು ಹಿಡಿಯುವುದು ಎಂದಿನಿಂದಲೂ ಇದೆ. ಬೀದಿಗೆ ಇಳಿದ ಬ್ಯಾಂಡಿಗೆ ಅದು ಯಾಕೆ ಮರೆತುಹೋಯಿತೋ ನನಗಂತೂ ತಿಳಿಯದು.

ಜಾಝ್ ನಮಗೆ ದೂರದ್ದು ಅಂತಲೂ ತಿಳಿಯಬೇಡ. 1930ರ ದಶಕದಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ತಂಡ ಕಟ್ಟಿ ನುಡಿಸುತ್ತಿದ್ದರು. 1935ರಲ್ಲಿ ಲಿಯಾನ್ ಆ್ಯಬಿ ಬಂದ, ಆಮೇಲೆ ಟೆಡ್ಡಿ ವೆದರ್‌ಫೋರ್ಡ್. ಅವರ ಪಕ್ಕದಲ್ಲಿ ಕೂತು ಕಲಿತ ಗೋವಾದವರೇ ಮುಂದೆ ಹಿಂದಿ ಸಿನಿಮಾದ ವಾದ್ಯವೃಂದಗಳಿಗೆ ಹೋದರು, ಅಲ್ಲಿ ಹಾಡುಗಳಿಗೆ ವಾದ್ಯ ಹಂಚಿ ಬರೆದರು. 1951ರ ‘ಅಲಬೇಲಾ’ ಚಿತ್ರದ ಹಾಡುಗಳಲ್ಲಿ ಟ್ರಂಪೆಟ್ ವಾದಕ ಚಿಕ್ ಚಾಕೊಲೆಟ್‌ನ ಕೈ ಇದೆ. ‘ಆರಾಧನಾ’ದ ‘ರೂಪ್ ತೇರಾ ಮಸ್ತಾನಾ’ದಲ್ಲಿ ನೀನು ನಕಲು ಮಾಡಲು ಹೆಣಗಾಡುತ್ತೀಯಲ್ಲ, ಆ ಸ್ಯಾಕ್ಸೋಫೋನ್ ಮನೋಹಾರಿ ಸಿಂಗ್ ಅವರದು. ನಮ್ಮ ವಾಡಿ, ಶಹಾಬಾದಿನ ಮೆರವಣಿಗೆಗಳಲ್ಲಿ ಆ ಹಾಡುಗಳನ್ನು ಊದಿದವರೆಲ್ಲ ತಿಳಿಯದೆಯೇ ಸ್ವಿಂಗ್ ಜಾಝ್ ಊದಿದವರು. ಮುಂಬೈ–ಮದ್ರಾಸ್ ರೈಲು ನಮ್ಮ ಮನೆ ಮುಂದೆಯೇ ಹಾಯುತ್ತದೆ. 1874ರಲ್ಲಿ ನಿಜಾಮರ ರೈಲು ಬಂದು ವಾಡಿಯಲ್ಲಿ ಅದನ್ನು ಕೂಡಿತು. ಹಾಡು ಬರಲು ಇನ್ನೆಷ್ಟು ದಾರಿ ಬೇಕು?

ಕನ್ನಡ ನಾಡಿನವರದೇ ಉದಾಹರಣೆ ಬೇಕು ಅಂದರೆ ಕದ್ರಿ ಗೋಪಾಲನಾಥರು ಇದ್ದಾರೆ. 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದವರು, ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಹುಡುಗ ಮರುಳಾದ. ನೆನಪಿರಲಿ, ಅದೂ ಬ್ಯಾಂಡೇ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತು, ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸ್ ಎಂಬಾತ 1846ರಲ್ಲಿ ಪೇಟೆಂಟ್ ಪಡೆದ ಆ ಹಿತ್ತಾಳೆ ಕೊಳವೆಯಲ್ಲಿ ಗಮಕ ತಂದರು. ಗುಂಡಿ ಒತ್ತಿದರೆ ಒಂದೊಂದೇ ಸ್ವರ ಕೊಡುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದು, ಓಲಾಡಿಸುವುದು ಎಂಥ ಕಷ್ಟ ಅಂತ ನಿನಗೆ ನಾನು ಹೇಳಬೇಕಿಲ್ಲ, ತುಟಿ ನೋಯಿಸಿಕೊಂಡವನು ನೀನು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರನ್ನು ಕೇಳಿ ತಾನೂ ಜೊತೆಗೆ ನುಡಿಸಿದ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಕಛೇರಿ. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಗೋಪಾಲನಾಥರು ವೇದಿಕೆಯಲ್ಲಿ ಹೇಗೆ ಕೂರುತ್ತಿದ್ದರು ಅನ್ನುವುದನ್ನು ವಿಡಿಯೊದಲ್ಲಿ ನೋಡು. ಪಕ್ಕದಲ್ಲಿ ಪಿಟೀಲಿಗೆ ಎ. ಕನ್ಯಾಕುಮಾರಿಯವರು. ಹೆಸರಿಗೆ ಪಕ್ಕವಾದ್ಯ, ನಡೆಯುವುದು ಜೋಡಿ ಕಛೇರಿ. ಒಂದು ಸ್ವರಗುಚ್ಛ ಇವರು ಎಸೆದರೆ ಅವರು ಹಿಡಿದು ತಿರುಗಿ ಕೊಡುತ್ತಾರೆ, ಇವರು ಮುಖ ಅರಳಿಸಿ ಕೇಳುತ್ತಾರೆ. ಮೃದಂಗದ ಜೊತೆಗೆ ತಬಲ, ಮೋರ್ಸಿಂಗ್ ಕೂಡ ಇರುತ್ತಿತ್ತು. ಸ್ಯಾಕ್ಸೋಫೋನಿನ ದನಿ ಎಂಥದು! ಬೇಕೆಂದರೆ ಎಲ್ಲರನ್ನೂ ಮುಳುಗಿಸಬಹುದು. ಮುಳುಗಿಸಲಿಲ್ಲ. ಅವರಿಗೆ ಬಂದ ಹೆಸರಿನಲ್ಲಿ ಅರ್ಧ ಪಾಲು ಈ ತಡೆದು ನಿಲ್ಲುವ ಗುಣದ್ದು ಅಂತ ನನ್ನ ಲೆಕ್ಕ. ಸಂಗೀತ ಬಲ್ಲವರು ಬೇರೆ ಹೇಳಿಯಾರು.

ಅವರು ಇನ್ನೊಬ್ಬರ ಆಲ್ಬಮ್ಮಿನಲ್ಲಿ ಕೂತದ್ದೂ ಇದೆ. ರುದ್ರೇಶ್ ಮಹಂತಪ್ಪ ಎಂಬ ಆಲ್ಟೊ ಸ್ಯಾಕ್ಸೋಫೋನ್ ವಾದಕ, 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದವನು. ಹೆಸರು ಕೇಳಿದರೆ ನಮ್ಮ ಪಕ್ಕದ ಓಣಿಯವನು ಅನ್ನಿಸುತ್ತದೆ. ಕಲಿತದ್ದು ಪೂರ್ತಿ ಜಾಝ್. ಓದುವ ಕಾಲಕ್ಕೆ ಅವನ ಅಣ್ಣ ಗೋಪಾಲನಾಥರ ಒಂದು ಆಲ್ಬಂ ತಂದು ಕೊಟ್ಟನಂತೆ, ಚೇಷ್ಟೆಗೆ. ಚೇಷ್ಟೆ ಬದುಕಾಯಿತು. ಹುಡುಕಿಕೊಂಡು ಬಂದು, ಕೂಡಿ ನುಡಿಸಿ, 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ತಂದ. ಮುಂದಾಳು ಮೂವತ್ತೇಳರ ಮಹಂತಪ್ಪ. ಪಕ್ಕದಲ್ಲಿ ಅರುವತ್ತರ ಹತ್ತಿರದ ಗೋಪಾಲನಾಥರು. ಕನ್ಯಾಕುಮಾರಿಯವರೂ ಇದ್ದಾರೆ, ಮೃದಂಗಕ್ಕೆ ಪೂವಲೂರು ಶ್ರೀಜಿ, ಅತ್ತ ಕಡೆಯಿಂದ ಗಿಟಾರ್, ಬಾಸ್, ಡ್ರಮ್. ಎರಡು ಆಲ್ಟೊ ಎದುರುಬದುರು. ಒಂದು ರಾಗದ ನೆಲದ ಮೇಲೆ ನಿಂತಿದೆ, ಇನ್ನೊಂದು ನ್ಯೂಯಾರ್ಕಿನ ಬೀದಿಯಲ್ಲಿ. ಮಹಂತಪ್ಪ ತನ್ನ ಗುರುಸಮಾನರನ್ನು ಜಾಝ್ ಊದಿ ಎಂದು ಕೇಳಲಿಲ್ಲ, ತಾನು ಕರ್ನಾಟಕ ಸಂಗೀತದ ವೇಷ ಹಾಕಲಿಲ್ಲ. ಇಬ್ಬರಿಗೂ ಅವರವರ ನಡಿಗೆ ಉಳಿಯುವಂತೆ ಹಾಡು ಕಟ್ಟಿದ. ಕಾರ್ಟರ್ ಹಾಕಿನ್ಸನಿಗೆ ಮಾಡಿದ್ದೂ ಇದನ್ನೇ. ಎರಡನ್ನೂ ಒಂದರ ಹಿಂದೊಂದು ಕೇಳು. ಹೋಲಿಕೆ ನಿನಗೇ ಕಾಣುತ್ತದೆ.

ಮುಂದಾಳಾಗುವುದು ಎಲ್ಲರ ಪ್ರಕೃತಿಗೂ ಒಗ್ಗುವುದಿಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಡ್ಯೂಕ್ ಎಲಿಂಗ್ಟನ್ನನ ತಂಡದಲ್ಲಿ ಜಾನಿ ಹಾಡ್ಜಸ್ ಅಂತ ಇದ್ದ. ಆಲ್ಟೊದಲ್ಲಿ ಅಂಥ ಜೇನಿನ ದನಿ ಮತ್ತೊಬ್ಬರಿಗೆ ಬರಲಿಲ್ಲ. 1928ರಲ್ಲಿ ಸೇರಿದವನು 1951ರಲ್ಲಿ ಬಿಟ್ಟು ಸ್ವಂತ ತಂಡ ಕಟ್ಟಿದ. ‘ಕ್ಯಾಸಲ್ ರಾಕ್’ ಎಂಬ ಹಾಡು ಚೆನ್ನಾಗಿ ಓಡಿತು ಕೂಡ. ಮುಂದೆ ಜಗತ್ತೇ ಕೊಂಡಾಡಿದ ಜಾನ್ ಕೋಲ್ಟ್ರೇನ್ 1954ರಲ್ಲಿ ಅವನ ಕೈಕೆಳಗೆ ನುಡಿಸುತ್ತಿದ್ದ ಹುಡುಗ. ಆದರೂ 1955ರಲ್ಲಿ ಹಾಡ್ಜಸ್ ತಂಡ ಮುಚ್ಚಿ ಎಲಿಂಗ್ಟನ್ನನ ಹತ್ತಿರ ತಿರುಗಿ ಹೋದ. 1963ರಲ್ಲಿ ಆ ತಂಡ ಭಾರತಕ್ಕೆ ಬಂದಾಗ ತನ್ನ ಹಳೇ ಕುರ್ಚಿಯಲ್ಲೇ ಕೂತು ನುಡಿಸಿದ, 1970ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ತಿರುಗಿ ಹೋದಮೇಲೂ ತನ್ನ ಹೆಸರಿನಲ್ಲಿ ಬೇರೆ ಆಲ್ಬಂ ಮಾಡುತ್ತಲೇ ಇದ್ದ ಅನ್ನು. ಅವನ ದನಿ ಒಂದು ತೂಕ ಕಡಿಮೆಯಾಯಿತೇ? ನಾಲ್ಕಾರು ವರ್ಷ ನಡೆಸಿ ನಿನಗೂ ಬೇಡವೆನ್ನಿಸಿದರೆ ಯಾರಿಗಾದರೂ ವಹಿಸಿ ಹಿಂದಿನ ಸಾಲಿಗೆ ಬಂದುಬಿಡು. ಓಣಿಯವರು ಎರಡು ದಿನ ಆಡಿಕೊಂಡಾರು, ಮೂರನೆಯ ದಿನ ಅವರಿಗೆ ಬೇರೆ ಸುದ್ದಿ ಸಿಗುತ್ತದೆ.

ಕಾರ್ಟರನಿಗೂ ಎಲ್ಲವೂ ಸಲೀಸಾಗಿ ಬಂದಿರಲಿಲ್ಲ. 30 ಮತ್ತು 40ರ ದಶಕದಲ್ಲಿ ಅವನು ಕಟ್ಟಿದ ದೊಡ್ಡ ತಂಡಗಳನ್ನು ವಾದ್ಯಗಾರರು ಹೊಗಳಿದಷ್ಟು ಜನ ಹಣ ಕೊಟ್ಟು ಕೇಳಲಿಲ್ಲ. ಹಾಲಿವುಡ್ಡಿಗೆ ಹೋಗಿ ಸಿನಿಮಾಗಳಿಗೆ, ಟಿ.ವಿ.ಗೆ ಬರೆದು ಹೊಟ್ಟೆ ಹೊರೆದ. ಅಲ್ಲಿ ಲಾಸ್ ಏಂಜಲಿಸ್ಸಿನಲ್ಲಿ ವಾದ್ಯಗಾರರ ಸಂಘ ಬಿಳಿಯರಿಗೊಂದು, ಕರಿಯರಿಗೊಂದು ಇತ್ತು. ಸ್ಟುಡಿಯೊ ಕೆಲಸವೆಲ್ಲ ಬಿಳಿಯರ ಸಂಘಕ್ಕೆ. ಎರಡನ್ನೂ ಒಂದು ಮಾಡಬೇಕೆಂದು ಹೋರಾಡಿದವರಲ್ಲಿ ಕಾರ್ಟರನೂ ಒಬ್ಬ. 1953ರಲ್ಲಿ ಅವು ಒಂದಾದವು. ಅದಕ್ಕೂ ಮೊದಲು, 1937ರಲ್ಲಿ, ಹಾಲೆಂಡಿನಲ್ಲಿ ಕರಿಯರು ಬಿಳಿಯರು ಕೂಡಿದ, ಬೇರೆ ಬೇರೆ ದೇಶದವರ ತಂಡವನ್ನು ನಡೆಸಿದ್ದ.

ಈ ಮಾತನ್ನು ಬೇಕೆಂದೇ ತೆಗೆದೆ. ನಮ್ಮ ಬ್ಯಾಂಡುಗಳಲ್ಲಿ ಯಾರಿದ್ದಾರೆ ನೋಡು. ಭಜಂತ್ರಿಯವರು, ಮುಸಲ್ಮಾನರು, ದಲಿತ ಕೇರಿಯ ಹುಡುಗರು. ಹಗಲು ಫರಸಿ ಖಣಿಯಲ್ಲಿ ಕಲ್ಲು ಎತ್ತಿ, ಇಲ್ಲವೇ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರು. ಲಗ್ನದ ಮನೆಯಲ್ಲಿ ನಮ್ಮ ಹಾಡಿಗೆ ಕುಣಿಯುತ್ತಾರೆ, ಊಟಕ್ಕೆ ಮಾತ್ರ ಎಲ್ಲರದೂ ಮುಗಿದಮೇಲೆ, ಪೆಂಡಾಲಿನ ಹೊರಗೆ, ಎಲೆ ಕೈಗೆ ಕೊಡುತ್ತಾರೆ. ಒಂದು ಮನೆಯಲ್ಲಿ ನಮಗೆ ನೀರು ಮೇಲಿನಿಂದ ಹೊಯ್ದರು, ಲೋಟ ಕೊಡಲಿಲ್ಲ. ಯಾರ ಮನೆ ಅನ್ನುವುದು ಈಗ ಬೇಡ. ನೀನು ಸಂಚಕಾರ ತೆಗೆದುಕೊಳ್ಳುವಾಗಲೇ ಊಟ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಪಂಕ್ತಿಯಲ್ಲಿ ಅಂತ ಕೇಳು. ಮುಖ ಗಂಟಿಕ್ಕಿದರೆ ಆ ಲಗ್ನ ಹಿಡಿಯಬೇಡ. ಒಂದು ಲಗ್ನ ಹೋದರೆ ಹೋಯಿತು. ಊಟದ ವಿಷಯ ಮಾತಾಡುವುದು ಮಾಸ್ಟರನ ಕೆಲಸವೇ, ಡ್ರಮ್ ಹೊರುವ ಹುಡುಗ ತಾನಾಗಿ ಬಾಯಿಬಿಟ್ಟು ಕೇಳಲಾರ.

ಊರೂರಿನ ಕಿವಿ ಬೇರೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೋ. ವಾಡಿ, ಶಹಾಬಾದಿನ ಕಾಲೊನಿಗಳಲ್ಲಿ ಎಲ್ಲ ರಾಜ್ಯದವರಿದ್ದಾರೆ, ಅಲ್ಲಿ ಹಳೇ ಹಿಂದಿ ಹಾಡಿಗೆ ಬೆಲೆ. ಚಿತ್ತಾಪುರದ ಹಳ್ಳಿಗಳಲ್ಲಿ ದೇವರ ಮುಂದೆ ನಿಂತು ಭಜನೆ ಧಾಟಿ ಎತ್ತದಿದ್ದರೆ ಹಿರಿಯರು ಬಿಡುವುದಿಲ್ಲ. ಸೇಡಂ ದಾಟಿದೆಯೋ, ತೆಲುಗು ಹಾಡು ಕೇಳುತ್ತಾರೆ. ಚಿಂಚೋಳಿಯಲ್ಲಿ, ಅದರಲ್ಲೂ ಕುಂಚಾವರಂ ಕಡೆಗೆ ಹೋದರೆ, ಕನ್ನಡ ಹಾಡು ಒಂದಾದರೆ ತೆಲುಗು ಎರಡು. ಯಾವ ಊರಿಗೆ ಯಾರು ಮುಂದೆ ನಿಲ್ಲಬೇಕು ಅನ್ನುವುದೂ ಅದರ ಮೇಲೆಯೇ. ತೆಲುಗು ಧಾಟಿ ನಮ್ಮಲ್ಲಿ ಕ್ಲಾರಿನೆಟ್ಟಿನವನ ಬಾಯಲ್ಲಿ ನಿನಗಿಂತ ಚಂದ ಬರುತ್ತದೆ. ಸೇಡಂನಲ್ಲಿ ಅವನನ್ನು ಮುಂದೆ ಬಿಟ್ಟು ನೀನು ಯುಫೋನಿಯಂ ಪಕ್ಕದಲ್ಲಿ ನಡೆ.

ಬೇಸಿಗೆಯ ಮಾತು. ನಮ್ಮ ಲಗ್ನಗಳೆಲ್ಲ ಬಿಸಿಲು 40 ಡಿಗ್ರಿ ದಾಟುವ ಕಾಲಕ್ಕೇ ಬರುತ್ತವೆ. ಗಾಳಿ ಕಾದಂತೆ ಊದುವ ವಾದ್ಯಗಳ ಶ್ರುತಿ ಏರುತ್ತದೆ, ಕ್ಯಾಸಿಯೊ ಕೀಬೋರ್ಡಿನದು ಇದ್ದಲ್ಲೇ ಇರುತ್ತದೆ. ಮಧ್ಯಾಹ್ನ ಎರಡಕ್ಕೆ ಕೂಡಿಸಿದ ಶ್ರುತಿ ರಾತ್ರಿ ಒಂಬತ್ತರ ಮೆರವಣಿಗೆಗೆ ಕೂಡುವುದಿಲ್ಲ. ಹೊರಡುವ ಮುಂಚೆ ಎಲ್ಲರನ್ನೂ ನೆರಳಿಗೆ ನಿಲ್ಲಿಸಿ ಒಂದು ಸ್ವರ ಕೊಟ್ಟು, ಮೌತ್‌ಪೀಸನ್ನು ಒಂದು ಕೂದಲಷ್ಟು ಹೊರಗೆ ಎಳೆಸಿಯೋ ಒಳಗೆ ತಳ್ಳಿಸಿಯೋ ಕೂಡಿಸಿಕೋ. ಎರಡು ನಿಮಿಷದ ಕೆಲಸ. ಬೀಗರು ಕೂಗಾಡಿದರೂ ಈ ಎರಡು ನಿಮಿಷ ಬಿಡಬೇಡ. ರೀಡ್ ಒಣಗಿದರೆ ಕೀರಲು ದನಿ ಹೊರಡುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ನೀರು, ಜೇಬಿನಲ್ಲಿ ಎರಡು ರೀಡ್ ಹೆಚ್ಚಿಗೆ. ಕಾರ್ಖಾನೆ ಕಡೆಯ ಧೂಳು ಪ್ಯಾಡುಗಳ ಕೆಳಗೆ ಕೂತರೆ ಗಾಳಿ ಸೋರುತ್ತದೆ, ಕೆಳಗಿನ ಸ್ವರ ಸತ್ತುಹೋಗುತ್ತದೆ. ವಾರಕ್ಕೊಮ್ಮೆ ತೆಳು ಕಾಗದ ಇಟ್ಟು ಒತ್ತಿ ಧೂಳು ತೆಗೆ. ಇದನ್ನೆಲ್ಲ ನಿನ್ನ ವಾದ್ಯಕ್ಕೆ ಮಾತ್ರ ಮಾಡಿಕೊಂಡರೆ ನೀನು ಒಳ್ಳೇ ವಾದಕ, ಅಷ್ಟೇ. ಎಲ್ಲರ ವಾದ್ಯವೂ ಹೊರಡುವ ಮುಂಚೆ ನಿನ್ನ ಕೈಯಲ್ಲಿ ಒಮ್ಮೆ ಹಾಯಬೇಕು.

ರೊಕ್ಕದ್ದು ಉದ್ದ ಹೇಳುವುದಿಲ್ಲ. ಮದುಮಗನ ತಲೆಗೆ ನಿವಾಳಿಸಿ ಎಸೆಯುವ ನೋಟು ಯಾರ ಕೈಗೆ ಸಿಕ್ಕರೂ ಒಂದೇ ಚೀಲಕ್ಕೆ ಬೀಳಲಿ, ರಾತ್ರಿ ಎಲ್ಲರ ಮುಂದೆ ಎಣಿಸು. ಮಾಸ್ಟರಿಗೆ ಒಂದು ಪಾಲು ಹೆಚ್ಚು ತೆಗೆದುಕೊಳ್ಳುವುದು ರೂಢಿ, ತೆಗೆದುಕೋ. ಆದರೆ ಎಷ್ಟು ಅಂತ ಸೀಜನ್ನಿನ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡು.

ರಿಯಾಜಿನ ದಿನ ಗೊತ್ತುಮಾಡುವಾಗ ಶಿಫ್ಟ್ ನೋಡಿಕೊಂಡು ಮಾಡು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬೆಳಿಗ್ಗೆ ಒಂಬತ್ತಕ್ಕೆ ಊದು ಅಂದರೆ ಆ ಊದಿನಲ್ಲಿ ಏನಿರುತ್ತದೆ? ಬೈಗುಳ ಇರುತ್ತದೆ. ಬರುವ ಸೀಜನ್ನಿಗೆ ನಾನೂ ನಿನ್ನ ಪಾರ್ಟಿಯಲ್ಲಿ ಬರುತ್ತೇನೆ, ಮಂಡಿ ಒಪ್ಪಿದಷ್ಟು ದೂರ ನಡೆದು ಆಮೇಲೆ ಜನರೇಟರ್ ಗಾಡಿಯ ಮೇಲೆ ಕೂರುತ್ತೇನೆ. ‘ಕಾಕಾ ಹಿರಿಯರು’ ಅಂತ ಸಂಕೋಚಪಟ್ಟು ಧಾಟಿಯನ್ನು ನನಗೆ ಕೊಡಬೇಡ. ನನ್ನ ದಮ್ಮಿಗೆ ಈಗ ಉದ್ದ ಸಾಲು ನಿಲ್ಲುವುದಿಲ್ಲ. ಕೆಳಗಿನ ದನಿ ಬರೆದುಕೊಡು, ಹಿಡಿಯುತ್ತೇನೆ. ತಪ್ಪಿದರೆ ಎಲ್ಲರ ಮುಂದೆ ನಿಲ್ಲಿಸಿ ತಿದ್ದು. ನನ್ನನ್ನು ತಿದ್ದಲು ಹಿಂಜರಿದರೆ ನಾಳೆ ಬೇರೆ ಯಾರನ್ನೂ ತಿದ್ದಲಾರೆ.

ಮೊದಲಿಗೆ ಆ ತತ್ವಪದದ ಧಾಟಿಯನ್ನೇ ಎತ್ತಿಕೊಳ್ಳೋಣ. ಸ್ವರ ಬರೆದ ಮೇಲೆ ಎಲ್ಲೆಲ್ಲಿ ಉಸಿರು ಅಂತ ಪ್ರತಿಯೊಬ್ಬನ ಕಾಗದದಲ್ಲೂ ನೀನೇ ಗುರುತು ಹಾಕು. ಪೆನ್ಸಿಲ್ಲಿನಲ್ಲಿ ಹಾಕು, ಪೆನ್ನು ಬೇಡ. ಯುಫೋನಿಯಂನವನಿಗೆ ನೀನು ಅಂದುಕೊಂಡದ್ದಕ್ಕಿಂತ ಬೇಗ ಉಸಿರು ಬೇಕಾಗುತ್ತದೆ, ಒಂದೆರಡು ಸಲ ಊದಿ ನೋಡಿದ ಮೇಲೆ ಅಳಿಸಿ ಬೇರೆ ಕಡೆ ಹಾಕಬೇಕಾದೀತು.